ಹತ್ತು ಪಟ್ಟು ಕ್ಲೋರಿನ್ ಸುರಿದರೂ ಹೋಗದ ಘಾಟು

ಟೆಸ್ಟ್ ಕಿಟ್‌ನ ಒಂದನೇ ನಂಬರಿನ ಮಾತ್ರೆಯನ್ನು ಈಜುಕೊಳದ ನೀರಿಗೆ ಹಾಕಿದಾಗ 1.5. ಅದೇ ನೀರಿಗೆ ಮೂರನೇ ನಂಬರಿನದು ಸೇರಿಸಿ ಎರಡು ನಿಮಿಷ ಬಿಟ್ಟು ನೋಡಿದಾಗ 2.3. ಮೊದಲಿನದು ಫ್ರೀ ಕ್ಲೋರಿನ್, ಇನ್ನೂ ಕೆಲಸಕ್ಕೆ ಬರುವಂಥದ್ದು. ಎರಡನೆಯದು ಒಟ್ಟು ಕ್ಲೋರಿನ್. ಎರಡರ ನಡುವಿನ 0.8 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇದೆಯಲ್ಲ, ಅದು ಕಂಬೈಂಡ್ ಕ್ಲೋರಿನ್: ಬೆವರು, ಮೂತ್ರ, ಮೈಕೊಳೆಯಲ್ಲಿರುವ ಸಾರಜನಕಕ್ಕೆ ಅಂಟಿಕೊಂಡು ಕೂತದ್ದು. ಒಳಾಂಗಣ ಈಜುಕೊಳದ ಬಾಗಿಲು ತೆಗೆದೊಡನೆ ಮೂಗಿಗೆ ಬಡಿಯುವ ಘಾಟು, ಈಜುವವರ ಕಣ್ಣುರಿ, ದಡದಲ್ಲಿ ನಿಂತ ಕೋಚ್‌ನ ಒಣಕೆಮ್ಮು ಎಲ್ಲಕ್ಕೂ ಬೇರು ಈ 0.8ರ ಆಸುಪಾಸಿನಲ್ಲೇ ಇರುತ್ತದೆ. ಜರ್ಮನಿಯ ಈಜುಕೊಳ ಮಾನದಂಡ ಡಿಐಎನ್ 19643 ಇದಕ್ಕೆ ಹಾಕಿರುವ ಮಿತಿ 0.2.

ಅಂಕಿ ಏರಿತು ಎಂದೊಡನೆ ಸಿಗುವ ಸಲಹೆ ಒಂದೇ: ಶಾಕ್ ಕೊಡಿ, ಕಂಬೈಂಡ್ ಎಷ್ಟಿದೆಯೋ ಅದರ ಹತ್ತು ಪಟ್ಟು ಕ್ಲೋರಿನ್ ಹಾಕಿ. ಐದು ಲಕ್ಷ ಲೀಟರ್ ಹಿಡಿಯುವ ಕೊಳಕ್ಕೆ 8 ಪಿಪಿಎಂ ಅಂದರೆ 4 ಕೆಜಿ ಕ್ಲೋರಿನ್, ಶೇ 10ರ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಆದರೆ 40 ಲೀಟರ್. ರಾತ್ರಿ ಸುರಿಯುತ್ತಾರೆ. ಬೆಳಿಗ್ಗೆ ಅಂಕಿ ಕೊಂಚ ಇಳಿದಿರುತ್ತದೆ. ಎರಡು ದಿನ ಕಳೆದರೆ ಮತ್ತೆ ಅಲ್ಲಿಗೇ ಬಂದು ನಿಂತಿರುತ್ತದೆ. ಆಗ ಇನ್ನಷ್ಟು ಹೈಪೋ. ಈ ಹತ್ತು ಪಟ್ಟಿನ ಸೂತ್ರವೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಅದು ಎಲ್ಲಿ ಎಡವುತ್ತದೆ ಎಂದು ಬಿಡಿಸಿ ನೋಡಿದರೆ ಕೊಳದ ನೀರಿನೊಳಗೆ ಏನು ನಡೆಯುತ್ತದೆ ಎನ್ನುವುದು ಅರ್ಧ ತಿಳಿದಂತೆ.

ಕ್ಲೋರಿನ್ ಅನ್ನು ಬ್ಲೀಚಿಂಗ್ ಪೌಡರ್ ರೂಪದಲ್ಲಿ ಹಾಕಿ, ಹೈಪೋ ಹಾಕಿ, ಉಪ್ಪುನೀರಿನ ಯಂತ್ರದಿಂದ ಅಲ್ಲೇ ತಯಾರಿಸಿ, ನೀರಿನಲ್ಲಿ ಸಿಗುವುದು ಹೈಪೋಕ್ಲೋರಸ್ ಆಮ್ಲವೇ. (‘ನಮ್ಮದು ಸಾಲ್ಟ್ ಪೂಲ್, ಕ್ಲೋರಿನ್ ಇಲ್ಲ’ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.) ರೋಗಾಣು ಕೊಲ್ಲುವುದು ಈ ಆಮ್ಲ. ಪಿಎಚ್ 7.5ರಲ್ಲಿ ಫ್ರೀ ಕ್ಲೋರಿನ್‌ನ ಸುಮಾರು ಅರ್ಧ ಈ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲುಭಾಗ, 7.2ಕ್ಕೆ ಇಳಿಸಿದರೆ ಮೂರರಲ್ಲಿ ಎರಡು ಪಾಲು. ಉಳಿದದ್ದು ಹೈಪೋಕ್ಲೋರೈಟ್ ಅಯಾನು, ಕೊಲ್ಲುವುದರಲ್ಲಿ ತೀರಾ ಮಂದ.

ಈ ಆಮ್ಲಕ್ಕೆ ಅಮೋನಿಯಾ ಸಿಕ್ಕರೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮೊದಲು ಮಾನೊಕ್ಲೋರಮೈನ್, ಆಮೇಲೆ ಡೈಕ್ಲೋರಮೈನ್, ಕೊನೆಗೆ ಟ್ರೈಕ್ಲೋರಮೈನ್. ಕ್ಲೋರಿನ್ ಸಾಕಷ್ಟಿದ್ದರೆ ಬಹುಪಾಲು ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಆ ತಿರುವಿಗೆ ಬ್ರೇಕ್‌ಪಾಯಿಂಟ್ ಎಂದು ಹೆಸರು. ತೂಕದ ಲೆಕ್ಕದಲ್ಲಿ ಒಂದು ಪಾಲು ಸಾರಜನಕಕ್ಕೆ 7.6 ಪಾಲು ಕ್ಲೋರಿನ್ ಬೇಕು. ನಿಜದ ನೀರಿನಲ್ಲಿ ಬೇರೆ ಕಸವೂ ಕ್ಲೋರಿನ್ ತಿನ್ನುವುದರಿಂದ ಹತ್ತು ಪಾಲು ಎಂದು ಹಿಡಿಯುತ್ತಾರೆ. ‘ಹತ್ತು ಪಟ್ಟು’ ಬಂದದ್ದು ಇಲ್ಲಿಂದ.

ಆದರೆ ಅದು ಸಾರಜನಕದ ಹತ್ತು ಪಟ್ಟು, ಕಂಬೈಂಡ್ ಕ್ಲೋರಿನ್‌ನ ಹತ್ತು ಪಟ್ಟಲ್ಲ. ನಮ್ಮ ಟೆಸ್ಟ್ ಕಿಟ್ ಕಂಬೈಂಡ್ ಅನ್ನು ಕ್ಲೋರಿನ್ ಲೆಕ್ಕದಲ್ಲಿ ತೋರಿಸುತ್ತದೆ, ಸಾರಜನಕದ ಲೆಕ್ಕದಲ್ಲಲ್ಲ. ಮಾನೊಕ್ಲೋರಮೈನ್‌ನಲ್ಲಿ ಒಂದು ಪಾಲು ಸಾರಜನಕಕ್ಕೆ ಆಗಲೇ ಐದು ಪಾಲು ಕ್ಲೋರಿನ್ ಅಂಟಿದೆ. 0.8 ಪಿಪಿಎಂ ಕಂಬೈಂಡ್ ಎಂದರೆ ಸಾರಜನಕ 0.16 ಮಾತ್ರ. ಅದಕ್ಕೆ ಬೇಕಾದ ಒಟ್ಟು ಕ್ಲೋರಿನ್ ಹತ್ತು ಪಟ್ಟೇ ಎಂದರೂ 1.6, ಅದರಲ್ಲಿ 0.8 ಈಗಾಗಲೇ ಅಂಟಿಕೊಂಡೇ ಇದೆ. ಹೊಸದಾಗಿ ಬೇಕಾದದ್ದು ಇನ್ನು 0.8. 40 ಲೀಟರಿನ ಜಾಗದಲ್ಲಿ 4 ಲೀಟರ್!

ಇಷ್ಟಕ್ಕೇ ನಿಲ್ಲಬೇಡಿ. ಆ ನೀರಿನಲ್ಲಿ ಫ್ರೀ ಕ್ಲೋರಿನ್ 1.5 ಇತ್ತು ತಾನೆ? ಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು. ಅಮೋನಿಯಾದಿಂದ ಹುಟ್ಟಿದ ಸಾದಾ ಕ್ಲೋರಮೈನ್ ಆಗಿದ್ದರೆ ಅದು ಬೆಳಗಾಗುವುದರೊಳಗೆ ತಾನಾಗಿ ಕರಗಿಹೋಗಬೇಕಿತ್ತು. ಹೋಗಿಲ್ಲ ಎಂದರೆ ಅಲ್ಲಿ ಕೂತಿರುವುದು ಬೇರೆಯದೇ: ಪ್ರೋಟೀನ್ ಚೂರು, ಅಮೈನೊ ಆಮ್ಲ, ಕ್ರಿಯಾಟಿನಿನ್‌ನಂಥವಕ್ಕೆ ಅಂಟಿದ ಸಾವಯವ ಕ್ಲೋರಮೈನ್. ಇದಕ್ಕೆ ಬ್ರೇಕ್‌ಪಾಯಿಂಟ್ ಎನ್ನುವಂಥ ಚೊಕ್ಕ ತಿರುವು ಇಲ್ಲ. ಅದರ ಜೊತೆಗೆ, ಕರಗಿದಷ್ಟೂ ಹಿಂದಿನಿಂದ ಹೊಸದಾಗಿ ಹುಟ್ಟುತ್ತಲೇ ಇರುವ ಪಾಲೊಂದಿದೆ. ಅದರ ಮೂಲ ಯೂರಿಯಾ.

ಬೆವರಿನಲ್ಲೂ ಮೂತ್ರದಲ್ಲೂ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲೇ ಇರುತ್ತದೆ. ಅಮೋನಿಯಾ ಕ್ಲೋರಿನ್ ಜೊತೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಂಡರೆ, ಯೂರಿಯಾ ಗಂಟೆ, ದಿನಗಟ್ಟಲೆ ಹಿಡಿಯುತ್ತದೆ. ಹಾಗೆ ನಿಧಾನವಾಗಿ ಒಡೆಯುತ್ತ ಟ್ರೈಕ್ಲೋರಮೈನ್ ಬಿಡುತ್ತಿರುತ್ತದೆ. ಯೂರಿಯಾ ಕಂಬೈಂಡ್ ಕ್ಲೋರಿನ್ ಅಲ್ಲವಾದ್ದರಿಂದ ಟೆಸ್ಟ್ ಕಿಟ್‌ಗೆ ಅದು ಕಾಣುವುದೂ ಇಲ್ಲ. ಶಾಕ್ ಕೊಟ್ಟ ಬೆಳಿಗ್ಗೆ ಅಂಕಿ ಚೆನ್ನಾಗಿ ಕಾಣುವುದು, ಮೂರನೇ ದಿನ ಮತ್ತೆ ಕೆಡುವುದು ಇದರಿಂದಲೇ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ.

ಎಷ್ಟು ಯೂರಿಯಾ ಎಂದು ಒಂದು ಅಂದಾಜು ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆಯ ಈಜುಕೊಳ ಮಾರ್ಗಸೂಚಿ ಉಲ್ಲೇಖಿಸುವ ಅಳತೆಗಳ ಪ್ರಕಾರ ಒಬ್ಬ ಈಜುಗ ನೀರಿಗೆ ಬಿಡುವ ಮೂತ್ರ ಸರಾಸರಿ 25ರಿಂದ 30 ಮಿಲಿಲೀಟರ್, ಕೆಲವು ಕಡೆ 77 ಮಿಲಿಲೀಟರ್ ತನಕ. ನಮ್ಮ ಐದು ಲಕ್ಷ ಲೀಟರಿನ ಕೊಳಕ್ಕೆ ದಿನಕ್ಕೆ 200 ಜನ ಇಳಿದರೆ ಮೂತ್ರ 6 ಲೀಟರ್. ಲೀಟರಿಗೆ 20 ಗ್ರಾಂ ಯೂರಿಯಾ ಹಿಡಿದರೆ 120 ಗ್ರಾಂ, ಅಂದರೆ ದಿನಕ್ಕೆ ಸುಮಾರು 0.24 ಪಿಪಿಎಂ. ಇದರ ಮೇಲೆ ಬೆವರಿನದು ಬೇರೆ. ಕೊಳದಲ್ಲಿ ಯೂರಿಯಾ 3.5 ಪಿಪಿಎಂ ದಾಟಬಾರದು ಎಂದು ಚೀನಾದ ಮಾನದಂಡ ಹೇಳುತ್ತದೆ. ಅಂಥ ಅಳತೆಯನ್ನು ದಿನಚರಿಗೆ ಸೇರಿಸಿಕೊಂಡದ್ದು ಜಾಣತನ ಎಂದೇ ನನ್ನ ಅನಿಸಿಕೆ. ಕಂಬೈಂಡ್ ಈಗಿನ ಸ್ಥಿತಿ ತೋರಿಸಿದರೆ ಯೂರಿಯಾ ಮುಂದಿನ ವಾರದ್ದನ್ನು ತೋರಿಸುತ್ತದೆ.

ಮೂತ್ರದ ಮಾತು ಉತ್ಪ್ರೇಕ್ಷೆ ಅನ್ನಿಸಿದರೆ 2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮಾಡಿದ ಅಳತೆ ನೋಡಬಹುದು. ಅಸೆಸಲ್ಫೇಮ್ ಎಂಬ ಕೃತಕ ಸಿಹಿ ದೇಹದಲ್ಲಿ ಜೀರ್ಣವಾಗದೆ ಮೂತ್ರದಲ್ಲಿ ಹೊರಬರುತ್ತದೆ, ಕ್ಲೋರಿನ್‌ಗೂ ಬಗ್ಗುವುದಿಲ್ಲ. ಅದನ್ನೇ ಗುರುತಾಗಿಟ್ಟುಕೊಂಡು ಲೆಕ್ಕ ಹಾಕಿದಾಗ ಎಂಟು ಲಕ್ಷ ಲೀಟರಿಗೂ ಮಿಕ್ಕ ಒಂದು ಕೊಳದಲ್ಲಿ ಸುಮಾರು 75 ಲೀಟರ್ ಮೂತ್ರ ಕಂಡಿತು. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಕಥೆ ಇನ್ನೂ ಖಾರ. ಅದು ಕ್ಲೋರಿನ್ ಜೊತೆ ಸೇರಿ ಟ್ರೈಕ್ಲೋರಮೈನ್ ಅಷ್ಟೇ ಅಲ್ಲ, ಸೈನೊಜೆನ್ ಕ್ಲೋರೈಡ್ ಎಂಬ ವಿಷಾನಿಲವನ್ನೂ ಕೊಡುತ್ತದೆ ಎಂದು ಪರ್ಡ್ಯೂ ವಿಶ್ವವಿದ್ಯಾಲಯದ ಅರ್ನೆಸ್ಟ್ ಬ್ಲ್ಯಾಚ್ಲಿ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಕೊಳದಲ್ಲಿ ಅದರ ಪ್ರಮಾಣ ಅತ್ಯಲ್ಪ, ಗಾಬರಿಬೀಳುವಂಥದ್ದಲ್ಲ. ಆದರೆ ‘ನೀರಲ್ಲಿ ಮಾಡಿದರೆ ಏನಾಗುತ್ತೆ, ಕ್ಲೋರಿನ್ ಇದೆಯಲ್ಲ’ ಎನ್ನುವ ಮಾತಿಗೆ ತಕ್ಕ ಉತ್ತರ. ಕ್ಲೋರಿನ್ ಇರುವುದರಿಂದಲೇ ಆಗುತ್ತದೆ.

ಟ್ರೈಕ್ಲೋರಮೈನ್ ನೀರಿನಲ್ಲಿ ನಿಲ್ಲುವ ಜಾತಿಯಲ್ಲ. ಮಾನೊಕ್ಲೋರಮೈನ್‌ಗಿಂತ ನೂರಾರು ಪಟ್ಟು ಸುಲಭವಾಗಿ ಗಾಳಿಗೆ ಹಾರುತ್ತದೆ. ಗಾಳಿಗಿಂತ ಭಾರವಾದ್ದರಿಂದ ಗಾಳಿಯ ಅಲುಗಾಟವಿಲ್ಲದ ಕೊಳದ ಹಾಲಿನಲ್ಲಿ ನೀರಿನ ಮೇಲೇ ಹಾಸಿಕೊಂಡಂತೆ ಉಳಿಯುತ್ತದೆ. ಈಜುಗ ಉಸಿರೆಳೆಯುವುದು ಸರಿಯಾಗಿ ಆ ಪದರದಿಂದ, ನೀರಿನಿಂದ ಗೇಣು ಎತ್ತರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಇದಕ್ಕೆ ಸೂಚಿಸಿದ ತಾತ್ಕಾಲಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 0.5 ಮಿಲಿಗ್ರಾಂ. ಈಜುಗರಿಗಿಂತ ಹೆಚ್ಚು ತೊಂದರೆ ದಿನವಿಡೀ ಅಲ್ಲೇ ಇರುವ ಲೈಫ್‌ಗಾರ್ಡ್ ಮತ್ತು ಕೋಚ್‌ಗಳಿಗೆ. ಇವರಲ್ಲಿ ಕೆಲಸದಿಂದ ಬಂದ ಆಸ್ತಮಾ ದಾಖಲಾಗಿದೆ.

ಹಾಗಾಗಿ ಒಳಾಂಗಣ ಕೊಳದಲ್ಲಿ ಗಾಳಿಯ ವ್ಯವಸ್ಥೆ ನೀರಿನ ಶುದ್ಧೀಕರಣದ್ದೇ ಒಂದು ಭಾಗ. ಗಂಟೆಗೆ ನಾಲ್ಕರಿಂದ ಆರು ಬಾರಿ ಆ ಹಾಲಿನ ಗಾಳಿ ತಿರುಗಬೇಕು ಎನ್ನುತ್ತಾರೆ. ಆದರೆ ತಿರುಗುವುದಕ್ಕೂ ಬದಲಾಗುವುದಕ್ಕೂ ವ್ಯತ್ಯಾಸವಿದೆ. ವಿದ್ಯುತ್ ಉಳಿಸಲು ಹೊರಗಾಳಿಯ ಡ್ಯಾಂಪರ್ ಮುಚ್ಚಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಬ್ಲೋವರ್ ಎಷ್ಟು ಜೋರಾಗಿ ಓಡಿದರೂ ಟ್ರೈಕ್ಲೋರಮೈನ್ ಒಳಗೇ ಸುತ್ತುತ್ತದೆ. ಇನ್ನೊಂದು ತಪ್ಪು, ಗಾಳಿ ಹೀರುವ ಗ್ರಿಲ್‌ಗಳನ್ನೆಲ್ಲ ಚಾವಣಿಯಲ್ಲಿ ಇಡುವುದು. ಕೆಲವಾದರೂ ದಡದ ಮಟ್ಟದಲ್ಲಿ, ನೀರಿಗೆ ಹತ್ತಿರ ಇರಬೇಕು. ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಊದುಬತ್ತಿ ಹಚ್ಚಿ ನೀರಿನ ಅಂಚಿನಲ್ಲಿ ಹಿಡಿಯಿರಿ. ಹೊಗೆ ಒಂದು ಕಡೆ ಎಳೆದುಕೊಂಡು ಹೋದರೆ ಸರಿ, ನೆಟ್ಟಗೆ ಮೇಲೆದ್ದು ಅಲ್ಲೇ ಸುಳಿದಾಡಿದರೆ ಆ ಮೂಲೆಯಲ್ಲಿ ಗಾಳಿ ಸತ್ತಿದೆ.

ಕಾರಂಜಿ, ಜಾರುಬಂಡೆ, ಗುಳ್ಳೆ ಬರಿಸುವ ಯಂತ್ರ ಎಲ್ಲವೂ ನೀರನ್ನು ಚದುರಿಸಿ ಅನಿಲವನ್ನು ಹೊರದಬ್ಬುತ್ತವೆ. ಜನ ಇಲ್ಲದ ಹೊತ್ತಿನಲ್ಲಿ, ಎಕ್ಸಾಸ್ಟ್ ಪೂರ್ತಿ ತೆರೆದಿಟ್ಟು ಇವನ್ನು ಓಡಿಸಿದರೆ ಅದೇ ಗುಣ ಉಪಯೋಗಕ್ಕೆ ಬರುತ್ತದೆ. ರಾತ್ರಿ ಕವರ್ ಹೊದಿಸುವ ಕೊಳಗಳಲ್ಲಿ ಘಾಟೆಲ್ಲ ಅದರಡಿ ಸೇರಿಕೊಂಡಿರುತ್ತದೆ. ಬೆಳಿಗ್ಗೆ ಕವರ್ ಎಳೆದ ಮೇಲೆ ಅರ್ಧ ಗಂಟೆ ಬಿಟ್ಟೇ ಜನರನ್ನು ಇಳಿಸಿ.

ಕಟ್ಟಡಕ್ಕೂ ಈ ಗಾಳಿ ಆಗಿಬರುವುದಿಲ್ಲ. 1985ರ ಮೇ 9ರಂದು ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಈಜುಕೊಳದ ಕಾಂಕ್ರೀಟ್ ಒಳಚಾವಣಿ ಕುಸಿದು 12 ಜನ ಸತ್ತರು. ಅದನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಕ್ಲೋರಿನ್ ಸಂಯುಕ್ತಗಳಿದ್ದ ಗಾಳಿಯಿಂದ ಒಳಗೊಳಗೇ ಬಿರುಕುಬಿಟ್ಟಿದ್ದವು. ತುಕ್ಕು ಹಿಡಿಯದು ಎಂಬ ಹೆಸರು ನಂಬಿ ಚಾವಣಿಯ ಮೇಲೆ ಹತ್ತಿ ನೋಡದೆ ಇರಬೇಡಿ.

ಗಾಳಿಗೆ ಹಾರುವವು ಇಷ್ಟು. ಇನ್ನು ನೀರಿನಲ್ಲೇ ಉಳಿಯುವ ಬಳಗ.

1974ರಲ್ಲಿ ರಾಟರ್‌ಡ್ಯಾಮ್‌ನ ನೀರು ಸರಬರಾಜಿನ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿದಾಗ ಕ್ಲೋರೋಫಾರಂ ಹುಟ್ಟುತ್ತದೆ ಎಂದು ತೋರಿಸಿದರು. ಕ್ಲೋರೋಫಾರಂ ಮತ್ತು ಅದರ ಮೂವರು ಬ್ರೋಮಿನ್ ಸೋದರರನ್ನು ಒಟ್ಟಾಗಿ ಟ್ರೈಹ್ಯಾಲೊಮೀಥೇನ್ ಎನ್ನುತ್ತಾರೆ. ಕೊಳದಲ್ಲಿ ಇವು ನೀರಿನ ಸಹಜ ಸಾವಯವ ಅಂಶದ ಜೊತೆಗೆ ಮೈಕೊಳೆ, ಕ್ರೀಮು, ಎಣ್ಣೆಯಿಂದಲೂ ಹುಟ್ಟುತ್ತವೆ. ಡಿಐಎನ್ ಮಿತಿ ಲೀಟರಿಗೆ 20 ಮೈಕ್ರೋಗ್ರಾಂ. ಅಮೆರಿಕದ ಕುಡಿಯುವ ನೀರಿನ ಮಿತಿಯೇ 80 ಇರುವಾಗ ಇದು ಬಿಗಿಯಾದದ್ದೇ. ಇವು ಒಳಸೇರುವುದು ಬಾಯಿಗಿಂತ ಹೆಚ್ಚಾಗಿ ಚರ್ಮ ಮತ್ತು ಉಸಿರಿನ ಮೂಲಕ. ತುಂಬಿಸುವ ನೀರಿನಲ್ಲಿ ಬ್ರೋಮೈಡ್ ಇದ್ದರೆ, ಸಮುದ್ರದ ನೀರಾದರೆ ಇನ್ನೂ ಸರಿ, ಕ್ಲೋರೋಫಾರಂ ಹಿಂದೆ ಸರಿದು ಬ್ರೋಮೋಫಾರಂ ಮುಂದೆ ಬರುತ್ತದೆ. ಟ್ರೈಹ್ಯಾಲೊಮೀಥೇನ್ ಒಂದಿಷ್ಟಾದರೂ ಆವಿಯಾಗುತ್ತದೆ. ಅದೇ ಕೊಳೆಯಿಂದ ಹುಟ್ಟುವ ಹ್ಯಾಲೊಅಸಿಟಿಕ್ ಆಮ್ಲಗಳು ಆವಿಯಾಗುವುದೇ ಇಲ್ಲ, ಹುಟ್ಟಿದಷ್ಟೂ ಕೊಳದಲ್ಲಿ ಸೇರುತ್ತಲೇ ಹೋಗುತ್ತವೆ.

ಕ್ಲೋರೇಟ್ ಕೂಡ ಹಾಗೆಯೇ, ಆದರೆ ಅದರ ತವರು ಕೊಳವಲ್ಲ, ಹೈಪೋ ಕ್ಯಾನ್. ಬಿಸಿಲಿಗೆ, ಸೆಕೆಗೆ ಇಟ್ಟ ಹೈಪೋ ತನ್ನಷ್ಟಕ್ಕೆ ಕ್ಲೋರೇಟ್ ಆಗುತ್ತ ಬಲ ಕಳೆದುಕೊಳ್ಳುತ್ತದೆ. ಹತ್ತು ಡಿಗ್ರಿ ಸೆಕೆ ಏರಿದರೆ ಕೆಡುವ ವೇಗ ಮೂರು ನಾಲ್ಕು ಪಟ್ಟಾಗುತ್ತದೆ. ಬಲ ಇಳಿದದ್ದಕ್ಕೆ ಜಾಸ್ತಿ ಸುರಿಯುತ್ತೀರಿ, ಅದರ ಜೊತೆಗೆ ಜಾಸ್ತಿ ಕ್ಲೋರೇಟ್ ಕೂಡ ಸುರಿಯುತ್ತೀರಿ. ನೆರಳಲ್ಲಿಡಿ, ತಿಂಗಳಿಗಾಗುವಷ್ಟೇ ತರಿಸಿ, ಹಳೆಯದನ್ನು ಮೊದಲು ಬಳಸಿ. ಬಂದೊಡನೆ ಗಡಸಲ್ಲದ ನೀರು ಬೆರೆಸಿ ಸಾಂದ್ರತೆಯನ್ನು ಅರ್ಧಕ್ಕಿಳಿಸಿದರೆ ಕೆಡುವ ವೇಗ ಕಾಲುಭಾಗಕ್ಕೂ ಕೆಳಗಿಳಿಯುತ್ತದೆ. ಡೋಸಿಂಗ್ ಪಂಪ್‌ನ ಸ್ಟ್ರೋಕ್ ಅಷ್ಟಕ್ಕೆ ಹೆಚ್ಚಿಸಿಕೊಂಡರಾಯಿತು. ಮುಚ್ಚಳಕ್ಕೆ ಗಾಳಿಕಿಂಡಿ ಇರಲೇಬೇಕು, ಒಳಗೆ ಆಮ್ಲಜನಕ ಬಿಡುಗಡೆಯಾಗುತ್ತಿರುತ್ತದೆ.

ಆವಿಯಾಗದ ಇವೆರಡನ್ನೂ ಸಾಮಾನ್ಯ ಮರಳು ಫಿಲ್ಟರ್ ಹಿಡಿಯದು. ದಾರಿ ಒಂದೇ, ಹಳೆ ನೀರು ಚೆಲ್ಲಿ ಹೊಸ ನೀರು ತುಂಬುವುದು. ಈಜುಗನೊಬ್ಬನಿಗೆ ದಿನಕ್ಕೆ 30 ಲೀಟರ್ ಹೊಸ ನೀರು ಎನ್ನುವುದು ಬಲ್ಲವರು ಒಪ್ಪಿದ ಲೆಕ್ಕ. 200 ಜನಕ್ಕೆ 6,000 ಲೀಟರ್, ಐದು ಲಕ್ಷದಲ್ಲಿ ಶೇ 1.2. ಈ ವೇಗದಲ್ಲಿ ಸೇರಿಕೊಂಡ ಹ್ಯಾಲೊಅಸಿಟಿಕ್ ಆಮ್ಲ ಅರ್ಧಕ್ಕಿಳಿಯಲು, ಹೊಸದೇನೂ ಸೇರದಿದ್ದರೂ, 58 ದಿನ ಬೇಕು. ಎರಡರಷ್ಟು ನೀರು ಬಿಟ್ಟರೆ 29 ದಿನ. ನೀರಿನ ಖರ್ಚು ಎಂದು ಆರು ತಿಂಗಳು ಜಿಪುಣತನ ಮಾಡಿ ಆಮೇಲೆ ಒಂದೇ ರಾತ್ರಿಯಲ್ಲಿ ಸರಿಮಾಡುತ್ತೇನೆ ಎಂದರೆ ಮೂರನೇ ಒಂದು ಭಾಗ ಕೊಳ ಖಾಲಿ ಮಾಡುವುದೊಂದೇ ಉಳಿಯುವ ಉಪಾಯ. ಆವಿಯಾಗಿ ಹೋದ ನೀರಿಗೆ ಬದಲು ತುಂಬಿದ್ದನ್ನು ಈ ಲೆಕ್ಕಕ್ಕೆ ಸೇರಿಸಬಾರದು, ಆವಿ ಕೊಳೆಯನ್ನು ಹೊತ್ತೊಯ್ಯುವುದಿಲ್ಲ. ಲೆಕ್ಕಕ್ಕೆ ಬರುವುದು ಚರಂಡಿಗೆ ಹೋದ ನೀರು ಮಾತ್ರ. ಬ್ಯಾಕ್‌ವಾಶ್ ನೀರು, ಅಂದರೆ ಫಿಲ್ಟರನ್ನು ಹಿಮ್ಮುಖವಾಗಿ ತೊಳೆದು ಚೆಲ್ಲುವ ನೀರು, ಇದಕ್ಕೆ ಸೇರುತ್ತದೆ.

ಬ್ಯಾಕ್‌ವಾಶ್ ಎಂದಾಗ ಒಂದು ಮಾತು. ಫಿಲ್ಟರಿನ ಮರಳಿನಲ್ಲಿ ಸಿಕ್ಕಿಕೊಂಡ ಕೂದಲು, ಚರ್ಮದ ಹೊಟ್ಟು, ಜಿಡ್ಡು ಎಲ್ಲ ಹೊರಗೆ ಹೋಗಿಲ್ಲ, ಕಣ್ಣಿಗೆ ಮರೆಯಾಗಿದೆ ಅಷ್ಟೆ. ಕೊಳದ ನೀರು ದಿನಕ್ಕೆ ಹಲವು ಸಲ ಅದರ ಮೂಲಕವೇ ಹಾಯುತ್ತ ಕ್ಲೋರಿನ್ ಅಲ್ಲಿ ಕಂಬೈಂಡ್ ಆಗುತ್ತಿರುತ್ತದೆ. ಫಿಲ್ಟರಿಗೆ ಮುಂಚಿನ ನೀರು, ನಂತರದ ನೀರು ಎರಡನ್ನೂ ಟೆಸ್ಟ್ ಮಾಡಿ. ನಂತರದ್ದರಲ್ಲಿ ಕಂಬೈಂಡ್ ಹೆಚ್ಚಿದ್ದರೆ ಕಾರ್ಖಾನೆ ಎಲ್ಲಿದೆ ಎಂದು ಗೊತ್ತಾಯಿತಲ್ಲ! ಪ್ರೆಶರ್ ಗೇಜ್ ಏರಲಿ ಬಿಡಲಿ, ವಾರಕ್ಕೊಮ್ಮೆಯಾದರೂ ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವ ತನಕ ಬ್ಯಾಕ್‌ವಾಶ್ ಆಗಲಿ. ಬ್ಯಾಲೆನ್ಸ್ ಟ್ಯಾಂಕಿನ ಗೋಡೆಯ ಲೋಳೆ, ಓವರ್‌ಫ್ಲೋ ಕಾಲುವೆಯ ಜಿಡ್ಡು ಕೂಡ ಇದೇ ಕೆಲಸ ಮಾಡುತ್ತವೆ. ಪಾಲಿಅಲ್ಯುಮಿನಿಯಂ ಕ್ಲೋರೈಡ್ ಅನ್ನು ಹನಿಹನಿಯಾಗಿ ಸತತ ಬಿಟ್ಟರೆ ಪ್ರೋಟೀನ್ ಚೂರುಗಳು ಗಂಟುಕಟ್ಟಿ ಮರಳಿನಲ್ಲಿ ಸಿಗುತ್ತವೆ. ಯೂರಿಯಾ ಮಾತ್ರ ಇದಕ್ಕೆ ಬೀಳುವುದಿಲ್ಲ.

ಮೀಡಿಯಂ ಪ್ರೆಶರ್ ಯುವಿ ದೀಪ ಕ್ಲೋರಮೈನ್ ಒಡೆಯುತ್ತದೆ, ಒಳಾಂಗಣ ಕೊಳಕ್ಕೆ ಹಾಕಿದ ಹಣ ಬಹುಮಟ್ಟಿಗೆ ಸಾರ್ಥಕ. ಒಂದು ಚದರ ಸೆಂಟಿಮೀಟರಿಗೆ 60 ಮಿಲಿಜೌಲ್ ಡೋಸ್ ಸಿಗಬೇಕು, ದೀಪದ ಗಾಜುಕವಚದ ಮೇಲೆ ಸುಣ್ಣ ಕಟ್ಟಿದರೆ ಸಿಗುವುದಿಲ್ಲ. ಫ್ರೀ ಕ್ಲೋರಿನ್ ಅನ್ನೂ ಒಂದಿಷ್ಟು ತಿನ್ನುತ್ತದೆ. ಇದ್ದಿಲಿನ ಫಿಲ್ಟರ್ ಕ್ಲೋರಮೈನ್, ಟ್ರೈಹ್ಯಾಲೊಮೀಥೇನ್ ಎರಡನ್ನೂ ಹಿಡಿಯುತ್ತದೆಯಾದರೂ ಕ್ಲೋರಿನ್ ಪೂರ್ತಿ ನುಂಗಿ ತನ್ನೊಳಗೇ ಬ್ಯಾಕ್ಟೀರಿಯಾ ಸಾಕಿಕೊಳ್ಳುವ ಅಪಾಯವಿದೆ. ಅದನ್ನು ಹಾಕಿ ಮರೆಯುವುದಾದರೆ ಹಾಕದಿರುವುದೇ ವಾಸಿ.

ಇಷ್ಟೆಲ್ಲ ಯಂತ್ರಕ್ಕಿಂತ ಅಗ್ಗದ್ದು, ಇಳಿಯುವ ಮುನ್ನ ಒಂದು ನಿಮಿಷದ ಸ್ನಾನ. ಮೈಮೇಲಿನ ಕೊಳೆಯ ಬಹುಪಾಲು ಆ ಮೊದಲ ನಿಮಿಷದಲ್ಲೇ ಹೋಗುತ್ತದೆ ಎಂದು ನೆದರ್ಲೆಂಡ್ಸ್‌ನಲ್ಲಿ ಅಳೆದು ನೋಡಿದ್ದಾರೆ. ಬೋರ್ಡ್ ಹಾಕಿದರೆ ಯಾರೂ ಓದುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯಿಂದ ಕೊಳಕ್ಕೆ ಬರುವ ದಾರಿಯಲ್ಲೇ, ತಪ್ಪಿಸಿಕೊಂಡು ಬರಲಾಗದಂತೆ, ಬೆಚ್ಚಗಿನ ನೀರಿನ ಶವರ್ ಇದ್ದರೆ ತಾನಾಗಿ ನಡೆಯುತ್ತದೆ. ತಣ್ಣೀರಾದರೆ ಕಾಲು ಒದ್ದೆಮಾಡಿಕೊಂಡು ಓಡುತ್ತಾರೆ. ಮಕ್ಕಳ ತರಗತಿಯಲ್ಲಿ ಅರ್ಧ ಗಂಟೆಗೊಮ್ಮೆ ಶೌಚಕ್ಕೆ ಕಳಿಸುವುದೂ ನೀರಿನ ಶುದ್ಧೀಕರಣವೇ.

ಪಿಎಚ್ ವಿಷಯದಲ್ಲಿ ಎಳೆದಾಟವಿದೆ. ಮೇಲೇರಿದರೆ ಟ್ರೈಹ್ಯಾಲೊಮೀಥೇನ್ ಜಾಸ್ತಿ, ತೀರಾ ಕೆಳಗಿಳಿದರೆ ಟ್ರೈಕ್ಲೋರಮೈನ್ ಮತ್ತು ಹ್ಯಾಲೊಅಸಿಟೊನೈಟ್ರೈಲ್ ಎಂಬ ಇನ್ನೊಂದು ಬಗೆಯ ಉಪಉತ್ಪನ್ನಗಳು ಜಾಸ್ತಿ. 7.2ರಿಂದ 7.4ರ ನಡುವೆ ಕಟ್ಟಿಹಾಕಿ, ಫ್ರೀ ಕ್ಲೋರಿನ್ ಬೇಕಾದಷ್ಟೇ ಇಟ್ಟುಕೊಳ್ಳುವುದು ಲೇಸು. ಹೊರಾಂಗಣ ಕೊಳಕ್ಕೆ ಬಿಸಿಲೇ ಕ್ಲೋರಮೈನ್ ಒಡೆದುಕೊಡುತ್ತದೆ, ಗಾಳಿ ಹೊತ್ತೊಯ್ಯುತ್ತದೆ. ಅಲ್ಲಿನ ತೊಡಕು, ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ತಡೆಯುವ ಸಯನ್ಯುರಿಕ್ ಆಮ್ಲ. ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆಯಿಂದ 1 ಪಿಪಿಎಂ ಕ್ಲೋರಿನ್ ಸಿಕ್ಕಾಗಲೆಲ್ಲ 0.6 ಪಿಪಿಎಂ ಸಯನ್ಯುರಿಕ್ ಆಮ್ಲವೂ ಸೇರುತ್ತದೆ. ಅದು ಕ್ಲೋರಿನ್‌ನ ಬಹುಪಾಲನ್ನು ಹಿಡಿದಿಟ್ಟುಕೊಂಡರೂ ಟೆಸ್ಟ್ ಕಿಟ್ ಎಲ್ಲವನ್ನೂ ಫ್ರೀ ಎಂದೇ ತೋರಿಸುತ್ತದೆ.

ಉಪಉತ್ಪನ್ನಗಳಿಗೆ ಹೆದರಿ ಕ್ಲೋರಿನ್ ಇಳಿಸುವವರೂ ಇದ್ದಾರೆ. ಅದು ಇನ್ನೂ ಕೇಡು. ಕ್ಲೋರಮೈನ್ ಕೆಮ್ಮು ತರುತ್ತದೆ, ಕ್ಲೋರಿನ್ ಇಲ್ಲದ ನೀರು ವಾಂತಿಭೇದಿಯನ್ನೇ ತರುತ್ತದೆ.

ಅಂಕಿಗಳನ್ನೇ ನಂಬಿ ಇಷ್ಟೆಲ್ಲ ಹೇಳಿದ್ದರಿಂದ ಅವು ಸುಳ್ಳು ಹೇಳುವ ಸಂದರ್ಭಗಳನ್ನೂ ಹೇಳಬೇಕು. ಮೂರನೇ ಮಾತ್ರೆಯಲ್ಲಿ ಅಯೊಡೈಡ್ ಇದೆ. ಆ ಟ್ಯೂಬನ್ನು ಸರಿಯಾಗಿ ತೊಳೆಯದೆ ಮುಂದಿನ ಸ್ಯಾಂಪಲ್ ಹಿಡಿದರೆ ಕಂಬೈಂಡ್ ಕೂಡ ಫ್ರೀ ಲೆಕ್ಕಕ್ಕೆ ಸೇರಿ, ಕೊಳ ಚೆನ್ನಾಗಿದೆ ಎಂದು ಕಾಣುತ್ತದೆ. ಕ್ಲೋರಿನ್ 10 ಪಿಪಿಎಂ ಮೀರಿದ್ದರೆ ಗುಲಾಬಿ ಬಣ್ಣ ಒಂದು ಕ್ಷಣ ಮಿಂಚಿ ಬಿಳಿಚಿಕೊಳ್ಳುತ್ತದೆ. ಸೊನ್ನೆ ಎಂದು ತಿಳಿದು ಇನ್ನಷ್ಟು ಸುರಿಯುವವರುಂಟು. ಸಂಶಯ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು ಐದರಿಂದ ಗುಣಿಸಿ. ಕ್ಲೋರಿನ್ ಅಲ್ಲದ ಶಾಕ್ ಎಂದು ಮಾರುವ ಮೊನೊಪರ್‌ಸಲ್ಫೇಟ್ ಹಾಕಿದ್ದರೆ ಅದೇ ಕಂಬೈಂಡ್ ಥರ ಓದಿಸುತ್ತದೆ. ಸ್ಯಾಂಪಲ್ ಅನ್ನು, ಕೊಳಕ್ಕೆ ನೀರು ಒಳಬರುವ ಬಾಯಿಯಿಂದ ದೂರ, ಮೊಣಕೈ ಆಳದಿಂದ ತೆಗೆಯಿರಿ.

ಕೊನೆಗೆ ಪಂಪ್ ರೂಮಿನ ಒಂದು ಅಪಾಯ. ಸರ್ಕ್ಯುಲೇಷನ್ ಪಂಪ್ ನಿಂತಿದ್ದರೂ ಡೋಸಿಂಗ್ ಪಂಪ್‌ಗಳು ಓಡುತ್ತಲೇ ಇದ್ದರೆ ಹೈಪೋ ಮತ್ತು ಪಿಎಚ್ ಇಳಿಸಲು ಬಿಡುವ ಆಮ್ಲ ಪೈಪಿನೊಳಗೇ ಕೂಡಿಕೊಂಡು ಕ್ಲೋರಿನ್ ಅನಿಲವಾಗುತ್ತವೆ. ಪಂಪ್ ಮತ್ತೆ ಶುರುವಾದೊಡನೆ ಅದು ಈಜುವವರ ಮುಖದ ಮುಂದೆಯೇ ನುಗ್ಗುತ್ತದೆ. ನೀರಿನ ಹರಿವು ನಿಂತರೆ ಎರಡೂ ಡೋಸಿಂಗ್ ತಾನಾಗಿ ಕಡಿತವಾಗುವಂತೆ ಫ್ಲೋ ಸ್ವಿಚ್ ಇರಬೇಕು. ಪಂಪ್ ಆನ್ ಇದೆ ಎಂಬ ವಿದ್ಯುತ್ ಸಂಕೇತ ಸಾಲದು, ಏರ್‌ಲಾಕ್ ಆದ ಪಂಪ್ ಕೂಡ ಆನ್ ಇರುತ್ತದೆ. ತಿಂಗಳಿಗೊಮ್ಮೆ, ಕೊಳದಲ್ಲಿ ಜನ ಇಲ್ಲದಾಗ, ಪಂಪ್ ಓಡುತ್ತಿರುವಂತೆಯೇ ವಾಲ್ವ್ ಒಂದು ಕ್ಷಣ ಮುಚ್ಚಿ ಡೋಸಿಂಗ್ ನಿಲ್ಲುತ್ತದೋ ಇಲ್ಲವೋ ನೋಡಿ, ದಿನಾಂಕ ಬರೆದಿಡಿ. ಅದೇ ಪುಸ್ತಕದಲ್ಲಿ ಕಂಬೈಂಡ್ ಅಂಕಿಯ ಪಕ್ಕ ಆ ದಿನ ಇಳಿದ ಜನ ಮತ್ತು ಚರಂಡಿಗೆ ಬಿಟ್ಟ ನೀರಿನ ಲೀಟರ್ ಬರೆಯಲು ಎರಡು ಕಾಲಂ ಎಳೆದುಕೊಳ್ಳಿ.